ಚಿಕ್ಕಮ್ಮನ ಬೀಳ್ಕೊಡುಗೆಗೆ ಫೋಟೋ ವಿಡಿಯೋ ಮಾಡಿದ್ದು

ನಮ್ಮ ಚಿಕ್ಕಮ್ಮ ಪ್ರೈಮರಿ ಸ್ಕೂಲ್ ಟೀಚರ್. ಅರವತ್ತು ತುಂಬಿತು, ರಿಟೈರ್ ಆದರು. ಬೀಳ್ಕೊಡುಗೆ ದಿನ ಅವರ ಹಳೇ ಫೋಟೋಗಳನ್ನೆಲ್ಲ ಸೇರಿಸಿ, ಹಿಂದೆ ಮ್ಯೂಸಿಕ್ ಹಾಕಿ ತೋರಿಸೋಣ ಅಂತ ಮನೆಯಲ್ಲಿ ಮಾತಾಯಿತು. "ಹೇಗೂ ಇಡೀ ದಿನ ಕಂಪ್ಯೂಟರ್ ಮುಂದೇನೇ ಇರ್ತೀಯ, ನೀನೇ ಮಾಡು" ಅಂದರು. ನಾನು ಕಂಪ್ಯೂಟರ್‌ನಲ್ಲಿ ಮಾಡೋದು ಲೆಕ್ಕ ಬರೆಯುವ ಕೆಲಸ, ಅದು ಯಾರಿಗೂ ಲೆಕ್ಕಕ್ಕಿಲ್ಲ.

ಹಿಂದೆ ವಿಂಡೋಸ್ ಮೂವಿ ಮೇಕರ್ ಇತ್ತಲ್ಲ, ನನಗೆ ಬರುತ್ತಿದ್ದದ್ದು ಅದೊಂದೇ. ಮೈಕ್ರೋಸಾಫ್ಟ್ ಅದನ್ನು 2017ರ ಜನವರಿಯಲ್ಲೇ ನಿಲ್ಲಿಸಿಬಿಟ್ಟಿದೆ. ಸರಿ, ಹುಡುಕಿದೆ. 'ಫ್ರೀ' ಅಂತ ದೊಡ್ಡದಾಗಿ ಬರೆದಿದ್ದ ಒಂದನ್ನು ಹಾಕಿಕೊಂಡು ಎರಡು ಗಂಟೆ ಕೂತು ಎಲ್ಲ ಜೋಡಿಸಿದೆ, ಕೊನೆಗೆ ಸೇವ್ ಮಾಡಿ ನೋಡಿದರೆ ಚಿಕ್ಕಮ್ಮನ ಮುಖದ ಮೇಲೆ ಅಡ್ಡಡ್ಡ ಕಂಪನಿ ಹೆಸರು! ಅದು ಹೋಗಬೇಕಾದರೆ ದುಡ್ಡು ಕಟ್ಟಬೇಕಂತೆ. ಅವತ್ತಿನಿಂದ ಒಂದು ಅಭ್ಯಾಸ ಮಾಡಿಕೊಂಡೆ. ಯಾವ ಸಾಫ್ಟ್‌ವೇರ್ ಆದರೂ ಮೊದಲು ಮೂರೇ ಮೂರು ಫೋಟೋ ಹಾಕಿ, ಹಾಡು ಸೇರಿಸಿ, ಪೂರ್ತಿ ಎಕ್ಸ್‌ಪೋರ್ಟ್ ಮಾಡಿ, ಅಂದರೆ ವಿಡಿಯೋ ಫೈಲ್ ಆಗಿ ತೆಗೆದು ನೋಡುತ್ತೇನೆ. ಐದು ನಿಮಿಷದಲ್ಲಿ ಅದರ ಬಣ್ಣ ಗೊತ್ತಾಗುತ್ತದೆ.

ವಿಂಡೋಸ್ 11 ಇರುವವರಿಗೆ ವಿಡಿಯೋ ಜೋಡಿಸುವ ಕ್ಲಿಪ್‌ಚಾಂಪ್ ಜೊತೆಗೇ ಬಂದಿರುತ್ತದೆ, 1080ಪಿ (ಫುಲ್ ಎಚ್‌ಡಿ) ವರೆಗೆ ಉಚಿತ, ಅವರು ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ನನ್ನದು ವಿಂಡೋಸ್ 10 ಇರುವ 4 ಜಿಬಿ ರ‍್ಯಾಮ್‌ನ ಹಳೇ ಲ್ಯಾಪ್‌ಟಾಪ್. ಓಪನ್‌ಶಾಟ್, ಶಾಟ್‌ಕಟ್ ಎರಡನ್ನೂ ಹಾಕಿ ನೋಡಿದೆ. ಎರಡೂ ಓಪನ್ ಸೋರ್ಸ್, ಅಂದರೆ ಯಾರು ಬೇಕಾದರೂ ಉಚಿತವಾಗಿ ಬಳಸಬಹುದು; ಎರಡರಲ್ಲೂ ವಾಟರ್‌ಮಾರ್ಕ್, ಅಂದರೆ ಮುಖದ ಮೇಲೆ ಕಂಪನಿ ಹೆಸರು ಬರುವ ಕಾಟ ಇಲ್ಲ. ಓಪನ್‌ಶಾಟ್ ನೋಡಲು ಸುಲಭ. ಆದರೂ ನಾನು ಉಳಿಸಿಕೊಂಡಿದ್ದು ಶಾಟ್‌ಕಟ್, ಕಾರಣ ಒಂದೇ: ಎಲ್ಲ ಮುಗಿದ ಮೇಲೆ ನಡುವೆ ಒಂದು ಫೋಟೋ ತೂರಿಸಬೇಕಾಗಿ ಬಂದರೆ 'ರಿಪಲ್' ಬಟನ್ ಒತ್ತಿಟ್ಟು ಸೇರಿಸಿದರಾಯಿತು, ಮುಂದಿನವೆಲ್ಲ ತಾವಾಗಿಯೇ ಸರಿಯುತ್ತವೆ. ನಮ್ಮ ಜನ ಕೊನೇ ಗಳಿಗೆಯಲ್ಲಿ ಫೋಟೋ ಕಳಿಸದೆ ಇರುತ್ತಾರಾ?

ಸಾಫ್ಟ್‌ವೇರ್‌ಗಿಂತ ಜಾಸ್ತಿ ಸಮಯ ತಿಂದಿದ್ದು ಫೋಟೋ ಸಿದ್ಧ ಮಾಡುವುದು. ಆಲ್ಬಮ್‌ನಿಂದ ಮೊಬೈಲ್‌ನಲ್ಲಿ ತೆಗೆದ ಒಂದೊಂದೂ ನಾಲ್ಕು ಸಾವಿರ ಪಿಕ್ಸೆಲ್ ಅಗಲ, ಲ್ಯಾಪ್‌ಟಾಪ್ ಏದುಸಿರು ಬಿಡುತ್ತಿತ್ತು. ಇರ್ಫಾನ್‌ವ್ಯೂ ಅನ್ನುವ ಫೋಟೋ ಸಾಫ್ಟ್‌ವೇರ್‌ನಲ್ಲಿ ಎಲ್ಲವನ್ನೂ ಒಟ್ಟಿಗೆ 1920 ಪಿಕ್ಸೆಲ್‌ಗೆ ಇಳಿಸಿದೆ, 001, 002 ಅಂತ ವರ್ಷದ ಪ್ರಕಾರ ಹೆಸರು ಕೊಟ್ಟೆ. ಆಮೇಲೆ ಎಲ್ಲವನ್ನೂ ಶಾಟ್‌ಕಟ್‌ನ ಪ್ಲೇಲಿಸ್ಟ್‌ಗೆ ಎಳೆದುಹಾಕಿ, ಒಂದೇ ಸಲಕ್ಕೆ ಟೈಮ್‌ಲೈನ್‌ಗೆ (ಫೋಟೋಗಳು ಒಂದರ ಹಿಂದೊಂದು ಸಾಲಾಗಿ ನಿಲ್ಲುವ ಪಟ್ಟಿಗೆ) ಕಳಿಸಿದೆ. ಅಲ್ಲಿ ಒಂದು ಫೋಟೋ ತಾನಾಗಿಯೇ 4 ಸೆಕೆಂಡ್ ನಿಲ್ಲುತ್ತದೆ. ಪುಟ ಮಗುಚೋದು, ಹೃದಯದ ಆಕಾರದಲ್ಲಿ ತೆರೆಯೋದು ಯಾವುದನ್ನೂ ಹಾಕಲಿಲ್ಲ. ಮದುವೆ ಕ್ಯಾಸೆಟ್ ಕಾಲದಲ್ಲೇ ಅವುಗಳಿಂದ ಸಾಕಾಗಿತ್ತು.

ಗ್ರೂಪ್ ಫೋಟೋಗಳಿಗೆ ಮಾತ್ರ 4 ಸೆಕೆಂಡ್ ಎಲ್ಲಿ ಸಾಕು? ನಾಲ್ಕು ಸಾಲಲ್ಲಿ ಅರವತ್ತು ಮಕ್ಕಳು, ನಡುವೆ ಕುರ್ಚಿಯಲ್ಲಿ ಟೀಚರ್‌ಗಳು, ಮುಂದೆ ನೆಲದ ಮೇಲೆ ಸ್ಲೇಟ್ ಹಿಡಿದ ಇಬ್ಬರು. ಪರದೆ ತುಂಬಲಿ ಅಂತ ಕ್ರಾಪ್ ಮಾಡಿದರೆ ಹಿಂದಿನ ಸಾಲಿನವರ ತಲೆಯೇ ಹಾರಿಹೋಗುತ್ತದೆ, ಪೂರ್ತಿ ಇಟ್ಟರೆ ಒಂದು ಮುಖವೂ ಕಾಣುವುದಿಲ್ಲ. ಅದಕ್ಕೆ ಅಂಥ ಎಂಟು ಫೋಟೋಗಳನ್ನು ಚಿಕ್ಕದು ಮಾಡದೆ ಹಾಗೇ ಬಿಟ್ಟು, ಒಂದೊಂದಕ್ಕೂ 10 ಸೆಕೆಂಡ್ ಕೊಟ್ಟು, ದೊಡ್ಡದು ಮಾಡಿ ಎಡಗಡೆಯಿಂದ ಬಲಗಡೆಗೆ ನಿಧಾನ ಸರಿಯುವ ಹಾಗೆ ಮಾಡಿದೆ. ಇದೊಂದನ್ನು ಕಲಿಯಲಿಕ್ಕೇ ಒಂದು ಸಂಜೆ ಹೋಯಿತು. ಹೋದದ್ದಕ್ಕೆ ಬೇಜಾರಿಲ್ಲ.

ಹೆಸರಿನ ಪುಟಕ್ಕೆ ಕನ್ನಡ ಬರೆಯೋದು ಇನ್ನೊಂದು ತಲೆನೋವು, ಮೊದಲು ನೋಡಿದ ಒಂದರಲ್ಲಿ ಒತ್ತಕ್ಷರ ಕಿತ್ತುಕೊಂಡು ಪಕ್ಕಕ್ಕೆ ಹೋಗಿ ನಿಂತಿತ್ತು. ಸುಮ್ನೆ ಸ್ಲೈಡ್ ಮಾಡುವ ಲಿಬ್ರೆಆಫೀಸ್ ಇಂಪ್ರೆಸ್‌ನಲ್ಲಿ ಟೈಪ್ ಮಾಡಿ, ಪಿಎನ್‌ಜಿ ಚಿತ್ರವಾಗಿ ತೆಗೆದು, ಅದನ್ನೂ ಒಂದು ಫೋಟೋ ಥರ ಸೇರಿಸಿದೆ.

ಅದೂ ಸೇರಿ ಒಟ್ಟು 92. 84ಕ್ಕೆ ನಾಲ್ಕು ನಾಲ್ಕು, 8ಕ್ಕೆ ಹತ್ತು ಹತ್ತು, 416 ಸೆಕೆಂಡ್. ಏಳು ನಿಮಿಷಕ್ಕೆ ನಾಲ್ಕೇ ಸೆಕೆಂಡ್ ಕಡಿಮೆ. ಈ ಲೆಕ್ಕ ಮೊದಲೇ ಹಾಕಿಕೊಳ್ಳಿ, ಇಲ್ಲದಿದ್ದರೆ ಹಾಡು ಮುಗಿದು ಫೋಟೋ ಮೂಕವಾಗಿ ಓಡುತ್ತವೆ.

ಮ್ಯೂಸಿಕ್‌ಗೆ ಸಿನಿಮಾ ಹಾಡು ಬೇಡ ಅನ್ನಿಸಿತು. ಯೂಟ್ಯೂಬ್‌ಗೆ ಹಾಕಿದರೆ ಹಕ್ಕುದಾರರ ಕ್ಲೇಮ್ ಬರುತ್ತದೆ, ಕೆಲವು ಸಲ ಸದ್ದೇ ನಿಂತುಹೋಗುತ್ತದೆ. ಯೂಟ್ಯೂಬ್ ಆಡಿಯೋ ಲೈಬ್ರರಿಯಲ್ಲಿ ಉಚಿತವಾಗಿ ಸಿಗುವ ಒಂದು ಮೆಲು ಸಂಗೀತವನ್ನೇ ಎರಡು ಸಲ ಹಾಕಿಕೊಂಡೆ. ಗ್ರೂಪ್ ಫೋಟೋ ಬರುವ ಕಡೆ ಅದರ ಸದ್ದು ಇಳಿಸಿ, ಅವರ ಕ್ಲಾಸಿನ ಹೊರಗೆ ನಿಂತು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದ ಮಕ್ಕಳ ಮಗ್ಗಿ ಹಾಕಿದೆ: "ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು". ಹಿಂದೆ ಒಂದು ಕಾಗೆಯೂ ಕೂಗುತ್ತದೆ. ಅದನ್ನು ತೆಗೆಯಲಿಲ್ಲ.

ಹಿಂದಿನ ರಾತ್ರಿ ಹತ್ತು ಗಂಟೆಗೆ ಹೆಡ್‌ಮಾಸ್ಟರ್ ಫೋಟೋ ಕಳಿಸಿದರು, "ಇದೊಂದು ಸೇರಿಸಿ ಸರ್" ಅಂತ. ಸೇರಿಸಿದೆ, ಸರಿಯಾಗಿ ಏಳು ನಿಮಿಷವಾಯಿತು. ಎಂಪಿ4 ಮಾಡಿ ಪೆನ್‌ಡ್ರೈವ್‌ಗೂ ಲ್ಯಾಪ್‌ಟಾಪ್‌ಗೂ ಹಾಕಿಕೊಂಡೆ. ಬೆಳಗ್ಗೆ ಬೇಗ ಹೋಗಿ ಪ್ರೊಜೆಕ್ಟರ್ ಹಚ್ಚಿ ನೋಡಿದ್ದು ಒಳ್ಳೆಯದಾಯಿತು. ಮೈಕ್ ಸೆಟ್‌ನವರ ಹತ್ತಿರ ಲ್ಯಾಪ್‌ಟಾಪ್‌ಗೆ ಹಾಕುವ ವೈರ್ ಇರಲಿಲ್ಲ, ಪೇಟೆಗೆ ಓಡಿ ತಂದೆ.

ಮಗ್ಗಿ ಬಂದಾಗ ಹಾಲ್ ಪೂರ್ತಿ ಜೊತೆಗೆ ಹೇಳಿತು. ಮುಗಿದ ಮೇಲೆ ಚಿಕ್ಕಮ್ಮ ಹತ್ತಿರ ಕರೆದು, "ಚೆನ್ನಾಗಿದೆ ಕಣೋ. ಆದ್ರೆ ಆ ಹೆಂಚಿನ ಕಟ್ಟಡದ ಫೋಟೋ ಮೊದಲು ಬರಬೇಕಿತ್ತು, ಆರ್‌ಸಿಸಿದು ಆಮೇಲಿಂದು" ಅಂದರು. ವಾಟ್ಸಾಪ್‌ನಲ್ಲಿ ಕಳಿಸಿ ಅಂತ ಆಗಲೇ ಹತ್ತು ಜನ ಸುತ್ತ ನಿಂತಿದ್ದರು. ವಿಡಿಯೋ ಅಂತ ಕಳಿಸಿದರೆ ಮುಖಗಳೆಲ್ಲ ಮಸುಕಾಗುತ್ತವೆ, ಡಾಕ್ಯುಮೆಂಟ್ ಮಾಡಿ ಕಳಿಸ್ತೀನಿ, ಸ್ವಲ್ಪ ತಡೀರಿ ಅಂದೆ. ಎರಡು ಫೋಟೋ ಅದಲುಬದಲು ಮಾಡಿ, ಮತ್ತೆ ಎಕ್ಸ್‌ಪೋರ್ಟ್‌ಗೆ ಹಾಕಿ, ಊಟದ ಪಂಕ್ತಿಗೆ ಹೋದೆ.