ಬಯಲು ಬಯಲಾಗಿಯೇ ಇರಲಿ

ಮಳೆಗಾಲ ಶುರುವಾದರೆ ಸಾಕು, "ಸಸಿ ನೆಡಬೇಕು, ಜಾಗ ತೋರಿಸಿ ಸಾರ್" ಅಂತ ಫೋನ್ ಬರುತ್ತವೆ. ಕೇಳುವವರ ಮನಸ್ಸು ಒಳ್ಳೆಯದೇ. ಆದರೆ ನಾನು ಸ್ವಯಂಸೇವಕನಾಗಿ ದುಡಿಯುವುದು ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಬಯಲಿನಲ್ಲಿ. ಸುಮಾರು 800 ಎಕರೆಯ ಈ ಹುಲ್ಲುಗಾವಲು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಆಯಿತು. ಇಲ್ಲಿ ಸಸಿ ನೆಟ್ಟರೆ ತೊಂದರೆಯೇ ಜಾಸ್ತಿ.

ಕೃಷ್ಣಮೃಗ ಪೊದೆಯಲ್ಲಿ ಅವಿತು ಬದುಕುವ ಪ್ರಾಣಿಯಲ್ಲ. ದೂರದಿಂದಲೇ ಅಪಾಯ ಕಂಡು, ಓಡಿ ಪಾರಾಗುತ್ತದೆ. ಅದಕ್ಕೆ ಬೇಕಿರುವುದು ಹುಲ್ಲು, ಕಣ್ಣು ಹಾಯುವಷ್ಟು ಬಯಲು.

ಹಾಗಾಗಿ ಅರಣ್ಯ ಇಲಾಖೆಯ ಅನುಮತಿ ಪಡೆದು, ಬಂದವರ ಕೈಗೆ ಪಿಕಾಸಿ ಕೊಡುತ್ತೇವೆ. ಬಯಲನ್ನು ಮುಚ್ಚಿಬಿಡುವ ಮುಳ್ಳುಗಿಡ ಬಳ್ಳಾರಿ ಜಾಲಿಯನ್ನು ಕೀಳುವ ಕೆಲಸ. ಸುಮ್ನೆ ಕಡಿದರೆ ಪ್ರಯೋಜನವಿಲ್ಲ, ಬುಡದಿಂದ ಇನ್ನಷ್ಟು ಕವಲೊಡೆದು ಚಿಗುರುತ್ತದೆ. ಮಳೆ ಬಿದ್ದು ಮಣ್ಣು ಮೆತ್ತಗಿರುವಾಗ ಬುಡದ ಸುತ್ತ ಅಗೆದು, ಹಾರೆ ಹಾಕಿ ಮೀಟಿ, ಬೇರಿನ ಗಡ್ಡೆ ಸಮೇತ ಎತ್ತಬೇಕು. ಎಳೆ ಗಿಡ ಹುಡುಕಲು ನಾನು ಮೊದಲು ನೋಡುವುದು ಹಿಕ್ಕೆ ರಾಶಿಗಳನ್ನು. ಗಂಡು ಕೃಷ್ಣಮೃಗ ತನ್ನ ಗಡಿ ಗುರುತಿಗೆ ಮತ್ತೆ ಮತ್ತೆ ಒಂದೇ ಕಡೆ ಹಿಕ್ಕೆ ಹಾಕುತ್ತದೆ. ಜಾಲಿಕಾಯಿ ಅದಕ್ಕೆ ಇಷ್ಟ, ಬೀಜ ಅರಗದೆ ಹೊರಬರುತ್ತದೆ. ಒಣಗಿದ ಕಪ್ಪು ಗುಳಿಗೆಗಳ ನಡುವೆ ಎರಡೆಲೆಯ ಮೊಳಕೆ ಕಂಡಾಗಲೇ ಕಿತ್ತರೆ ಎರಡು ಬೆರಳು ಸಾಕು. ವರ್ಷ ಬಿಟ್ಟರೆ ಹಾರೆಯೇ ಬೇಕು.

ಜನರನ್ನು ದೂರ ಇಡುವುದರಲ್ಲಿ ನನಗೆ ನಂಬಿಕೆಯಿಲ್ಲ. ನೋಡಿ ಖುಷಿಪಟ್ಟವರೇ ತಾನೆ ನಾಳೆ ಇದರ ಪರವಾಗಿ ಮಾತಾಡುವುದು? ಗಾಡಿಯವರು ದಾರಿ ಬಿಟ್ಟು ಹುಲ್ಲಿನ ಮೇಲೆ ಹರಿಸುವುದೇ ನಿಜವಾದ ಕಷ್ಟ. ಟಿಟ್ಟಿಭ ಹಕ್ಕಿ ಬರಿ ನೆಲದ ಮೇಲೆ, ಬೆಣಚುಕಲ್ಲುಗಳ ನಡುವೆ ಮೊಟ್ಟೆ ಇಡುತ್ತದೆ. ಕಾಲಿನ ಹತ್ತಿರವೇ ಇದ್ದರೂ ಕಾಣುವುದಿಲ್ಲ, ಇನ್ನು ಟೈರಿಗೆ ಕಾಣುತ್ತದೆಯೇ? ನೆಲಗುಬ್ಬಿಯ ಗೂಡೂ ಅಷ್ಟೆ. ಅಡ್ಡದಾರಿಗಳ ಬಾಯಿಗೆ ದಪ್ಪ ಕಲ್ಲು ಜೋಡಿಸಿ, ಒಂದೇ ದಾರಿ ತೆರೆದಿಟ್ಟೆವು. ಗದರುವುದಕ್ಕಿಂತ ಇದು ಎಷ್ಟೋ ವಾಸಿ. ಗಾಡಿ ಇಳಿಯದೆ ಕೂತರೆ ಹಿಂಡು ಬೆದರದೆ ಮೇಯುತ್ತದೆ, ಇಳಿದರೆ ಓಡುತ್ತದೆ. ಇದನ್ನು ಮಕ್ಕಳಿಗೆ ಒಮ್ಮೆ ಹೇಳಿದರೆ ಸಾಕು, ಅಪ್ಪ ಅಮ್ಮನನ್ನು ಅವರೇ ಸುಮ್ಮನಿರಿಸುತ್ತಾರೆ.

ಜಾಲಿ ಕೀಳಲು ಬರುವವರು ದಪ್ಪ ಅಟ್ಟೆಯ ಶೂ ಹಾಕಿಕೊಂಡು ಬನ್ನಿ. ಅದರ ಮುಳ್ಳು ಚಪ್ಪಲಿ ತೂರಿ ಕಾಲಿಗೆ ಇಳಿಯುತ್ತದೆ. ನಾಯಿ ಮಾತ್ರ ಕರೆತರಬೇಡಿ, ಹುಲ್ಲಿನಲ್ಲಿ ಮರಿಗಳು ಮಲಗಿರುತ್ತವೆ.