ಉಳ್ಳಾಗಡ್ಡಿ ಧಾರಣೆ ಹಿಡಿದು ನಮ್ಮ ರೇಡಿಯೋದ ಇತಿಹಾಸ ಜೋಡಿಸಿದೆ

ಹುಬ್ಬಳ್ಳಿಯ ನವನಗರದ ಕಡೆ ನಮ್ಮದೊಂದು ಸಣ್ಣ ಸಮುದಾಯ ಬಾನುಲಿ. ಅದರ ಹಳೆ ರೆಕಾರ್ಡಿಂಗ್‌ಗಳನ್ನು ವರ್ಷದ ಪ್ರಕಾರ ಜೋಡಿಸುತ್ತೇನೆ ಅಂದಾಗ ಸ್ಟುಡಿಯೋದ ಹುಡುಗರೇ ನಂಬಲಿಲ್ಲ. ರಟ್ಟಿನ ಡಬ್ಬಿಯಲ್ಲಿ ಸುಮಾರು 140 ಕ್ಯಾಸೆಟ್, ಒಂದಷ್ಟು ಸಿಡಿ, ಒಂದು ಹಾರ್ಡ್ ಡಿಸ್ಕ್. ಯಾವುದರ ಮೇಲೂ ತಾರೀಖಿಲ್ಲ. ಕಂಪ್ಯೂಟರಿನ ಗಡಿಯಾರ ನಡೆಸುವ ಬಯೋಸ್ ಬ್ಯಾಟರಿ ಸತ್ತು ಹೋಗಿತ್ತು, ಹಾಗಾಗಿ ಎಲ್ಲ ಫೈಲಿಗೂ 2002ರ ಜನವರಿ 1! ನಿಯಮದ ಪ್ರಕಾರ ಪ್ರಸಾರವಾದದ್ದನ್ನು ಮೂರು ತಿಂಗಳು ಇಟ್ಟರೆ ಸಾಕು. ಆಮೇಲೆ ಅದರ ಮೇಲೇ ಹೊಸದನ್ನು ತುಂಬುತ್ತಿದ್ದರು. ಇಷ್ಟಾದರೂ ಉಳಿದದ್ದು ಪುಣ್ಯ.

ಮೊದಲ ವರ್ಷ ಬರೀ ದುಡ್ಡು ಹೋಯಿತು. ಹಾರ್ಡ್ ಡಿಸ್ಕಿನೊಳಗಿನ ಫೈಲು ಹೊರತೆಗೆಯಲು ಒಬ್ಬರು 20 ಸಾವಿರದ ಮೇಲೆ ಕೇಳಿದರು. ಇನ್ನೊಂದು ಅಂಗಡಿಯಲ್ಲಿ 4 ಸಾವಿರಕ್ಕೆ ಒಪ್ಪಿದೆ, ಅಲ್ಲಿ ಅರ್ಧ ಫೈಲು ಹಾಳಾದವು. ಆ ಸಿಟ್ಟು ಇನ್ನೂ ಇದೆ. ದುರ್ಗದಬೈಲಿನ ಹತ್ತಿರ ಹಳೆ ಕ್ಯಾಸೆಟ್ ಡೆಕ್ ಒಂದನ್ನು 1,800ಕ್ಕೆ ತಂದೆ, ಬೆಲ್ಟಿಗೆ ಬೇರೆ ನೂರು. ಅದೂ ಮೊದಲ ವಾರವೇ ಎರಡು ಟೇಪು ನುಂಗಿತು.

ಕ್ಯಾಸೆಟ್ ಹಾಕಿದರೆ ದನಿ ಕಂಬಳಿಯೊಳಗಿಂದ ಬಂದ ಹಾಗೆ. ಟೇಪು ಓದುವ ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂ ಗೊತ್ತಲ್ವಾ, ಅದನ್ನು ಪ್ರತಿ ಕ್ಯಾಸೆಟ್ಟಿಗೂ ಹೊಸದಾಗಿ ತಿರುಗಿಸಿದೆ. ಮೋನೋದಲ್ಲಿ, ಅಂದರೆ ಎರಡೂ ಬದಿಯ ದನಿ ಒಂದಾಗಿಸಿ, ಕೇಳುತ್ತಾ ಕೂದಲೆಳೆಯಷ್ಟು ತಿರುಗಿಸಬೇಕು. ‘ಸ’ ಅಕ್ಷರ ಚುರುಕಾಗಿ ಕೇಳಿದ ಕೂಡಲೇ ನಿಲ್ಲಿಸಬೇಕು. ಬೂಸ್ಟು ಹಿಡಿದ ಟೇಪನ್ನು ಹೇಗೆ ಒರೆಸಿದೆ ಅನ್ನೋದನ್ನು ಮಾತ್ರ ಇಲ್ಲಿ ಹೇಳಲ್ಲ, ಅದನ್ನು ಕಲಿಯೋಕೆ ಎಂಟು ತಿಂಗಳು ಹಿಡಿದಿದೆ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ರೆಕಾರ್ಡಿಂಗಿನಲ್ಲಿ ಕರೆಂಟಿನ ಗುಂಯ್‌ಗುಡುವ ಸದ್ದು ಇರುತ್ತದೆ, ಅದು 50 ಹರ್ಟ್ಜ್ ಇರಬೇಕು. ನನ್ನ ಡೆಕ್ಕಿನಲ್ಲಿ 51ರ ಮೇಲೆ ಬರುತ್ತಿತ್ತು. ಅಂದರೆ ಟೇಪು ಜೋರಾಗಿ ಓಡುತ್ತಿದೆ. ಅದನ್ನು ನೋಡಿಕೊಂಡು ವೇಗ ಸರಿಮಾಡಿದೆ, ನಿರೂಪಕಿಯ ದನಿ ಮತ್ತೆ ಅವಳದೇ ಆಯಿತು. ಕರೆಂಟಿನ ಹರ್ಟ್ಜ್ ಹೊತ್ತು ಹೊತ್ತಿಗೆ ಚೂರು ಏರಿಳಿಯುತ್ತದೆ, ಆ ಏರಿಳಿತದಿಂದ ತಾರೀಖೂ ಸಿಗಬಹುದು ಅಂತ ಎರಡು ತಿಂಗಳು ಒದ್ದಾಡಿದೆ. ಹೋಲಿಸಿ ನೋಡಲು ಆಗಿನ ದಾಖಲೆಯೇ ಇರಲಿಲ್ಲ, ಬಿಟ್ಟೆ.

ಕೊನೆಗೆ ಕೈ ಹಿಡಿದದ್ದು ಪೇಟೆ ಧಾರಣೆ. ಯಾವ ಕಾಲದಲ್ಲೂ ನಮ್ಮ ಬಾನುಲಿ ಬೆಳಗಿನ ಧಾರಣೆ ಬಿಟ್ಟಿರಲಿಲ್ಲ. ಹುಬ್ಬಳ್ಳಿಯ ಉಳ್ಳಾಗಡ್ಡಿ, ಬ್ಯಾಡಗಿ ಮೆಣಸಿನಕಾಯಿ, ಗದಗಿನ ಹೆಸರುಕಾಳು. ಪರಿಚಯದ ದಲಾಲಿಯೊಬ್ಬರ ಅಂಗಡಿಯ ಕೆಂಪು ಬಟ್ಟೆಯ ಖಾತೆ ಪುಸ್ತಕ ಕೇಳಿ ತಂದೆ. ಕ್ಯಾಸೆಟ್ಟಿನ ದರವನ್ನು ಪುಟದ ದರಕ್ಕೆ ಹೊಂದಿಸುತ್ತಾ ಕೂತೆ. ಹೊಸ ಹೆಸರುಕಾಳಿನ ಆವಕ ಅಂದರೆ ಆಗಸ್ಟ್–ಸೆಪ್ಟೆಂಬರ್. ಉಳ್ಳಾಗಡ್ಡಿ ಏಕ್ದಂ ಏರಿದ್ದರೆ 2010ರ ಡಿಸೆಂಬರ್ ಇರಬಹುದು, 2013 ಇರಬಹುದು, 2019ರ ಕೊನೆ ಇರಬಹುದು. ಯಾವುದು ಅನ್ನೋದನ್ನು ಮೆಣಸಿನಕಾಯಿ ದರ ಹೇಳುತ್ತಿತ್ತು. ಮೂರು ದರ ಕೂಡಿದರೆ ವಾರದ ಲೆಕ್ಕಕ್ಕೆ ತಾರೀಖು ಸಿಗುತ್ತದೆ. ನಗುತ್ತಿದ್ದ ಹುಡುಗರು ಮುಂದೆ ತಾವೇ ಬಂದು ಪುಟ ತಿರುವಿದರು.

ಜೋಡಿಸಿ ಕೇಳಿದಾಗ ಬಾನುಲಿ ಬದಲಾದ ರೀತಿ ಪೂರ್ತಿ ತಿಳಿಯಿತು. ಶುರುವಿನಲ್ಲಿ ಬರೀ ಕೃಷಿ, ಮಾತಿನ ಧಾಟಿ ಥೇಟ್ ಧಾರವಾಡ ಆಕಾಶವಾಣಿಯದು. 1950ರಿಂದ ಆ ದನಿ ಕೇಳಿದ ಊರು, ಬೇರೆ ಹೇಗೆ ಮಾತಾಡಿಯಾರು? ಆಮೇಲೆ ಕೋರಿಕೆಯ ಸಿನಿಮಾ ಹಾಡು ಬಂತು. ಕೇಳುಗರು ಹೆಚ್ಚಿದರು, ಹಾಡಿನ ರಾಯಧನ ಕೊಡೋಕೆ ಆಗಲಿಲ್ಲ. ಆಗ ಗಂಟೆಗೆ ಐದು ನಿಮಿಷದ ಜಾಹೀರಾತಿಗಷ್ಟೇ ಅವಕಾಶ, ಅದರಲ್ಲಿ ಎಷ್ಟು ಹುಟ್ಟೀತು! ಹಾಡು ನಿಂತ ಜಾಗಕ್ಕೆ ಎಸ್ಸೆಸ್ಸೆಲ್ಸಿ ಪಾಠ, ಭಜನೆ ಪದ, ಗೀಗೀ ಪದ. 2020ರಲ್ಲಿ ಶಾಲೆ ಮುಚ್ಚಿದಾಗ ದಿನವಿಡೀ ಪಾಠ. ನನಗೆ ಇಷ್ಟವಾದದ್ದು ಆ ಭಜನೆ ಪದಗಳ ಕಾಲ. ಹಣ ಇಲ್ಲದೆ ಹುಟ್ಟಿದ್ದು ಅದು, ಆದರೆ ಊರಿನ ದನಿ ಜಾಸ್ತಿ ಇರೋದು ಅದರಲ್ಲೇ.

ಒಟ್ಟು ಖರ್ಚು 14 ಸಾವಿರದ ಆಸುಪಾಸು. 140ರಲ್ಲಿ 11 ಕ್ಯಾಸೆಟ್ ಇನ್ನೂ ಬಾಕಿ. ಅವುಗಳಲ್ಲಿ ಧಾರಣೆ ಇಲ್ಲ, ಬರೀ ಸೋಬಾನೆ ಪದ, ಹಿಂದೆ ತಗಡಿನ ಮೇಲೆ ಮಳೆ. ಹಾಡಿದ ಅಜ್ಜಿಯರ ಮನೆ ಹುಡುಕುತ್ತಿದ್ದೇನೆ.