ಮಾಲ್ಟ್ ಪುಡಿಯೋ, ಪಾಕವೋ? ಕಾರವಾರದ ಮಳೆಗಾಲಕ್ಕೆ ಒಂದು ಸಲಹೆ

ಮನೆಯಲ್ಲಿ ಬಿಯರ್ ಮಾಡುವವರಿಗೆ (ಅಬಕಾರಿ ನಿಯಮ ಮೊದಲು ನೋಡಿಕೊಳ್ಳಿ, ಅದು ಬೇರೆ ಮಾತು): ಡಬ್ಬಿ ಒಡೆದ ದಿನವೇ ಪೂರ್ತಿ ಮುಗಿಯುತ್ತದೆ ಅಂತಾದರೆ ದ್ರವ ಮಾಲ್ಟ್ ಎಕ್ಸ್‌ಟ್ರ್ಯಾಕ್ಟ್ (ಮೊಳಕೆ ಬರಿಸಿದ ಬಾರ್ಲಿಯಿಂದ ತೆಗೆದ ಸಿಹಿ ಪಾಕ) ತಗೊಳ್ಳಿ, ಸ್ವಲ್ಪ ಸ್ವಲ್ಪವಾಗಿ ಬಳಸುವುದಾದರೆ ಪುಡಿ. ಎರಡೂ ಒಂದೇ ಮಾಲು, ನೀರಿನ ಅಂಶವಷ್ಟೇ ಬೇರೆ. ದ್ರವದಲ್ಲಿ ಸುಮಾರು ಶೇ. 20 ನೀರಿರುತ್ತದೆ. ಹಾಗಾಗಿ ಅದು 1 ಕೆಜಿ ಬೇಕಾದಲ್ಲಿ ಪುಡಿ 800 ಗ್ರಾಂ ಸಾಕು, ಬೆಲೆ ಹೋಲಿಸುವಾಗಲೂ ಇದೇ ಲೆಕ್ಕ ಹಾಕಿ. ದ್ರವ ಮಾಲ್ಟ್ ಸೆಕೆಯಲ್ಲಿ ಕೂತಷ್ಟೂ ಕಪ್ಪಾಗುತ್ತಾ ಹೋಗುತ್ತದೆ, ಹಳೆ ಜೋನಿ ಬೆಲ್ಲದ ಹಾಗೆ. ಆಗ ತಿಳಿ ಬಣ್ಣದ ಬಿಯರಿನ ಆಸೆ ಬಿಡಬೇಕು. ಸ್ಟೌಟ್ (ಕಪ್ಪು ಬಿಯರ್) ಆದರೆ ಬಣ್ಣದ ಚಿಂತೆ ಇಲ್ಲ ಬಿಡಿ. ಪುಡಿ ಕೈಕೊಡುವುದು ನಮ್ಮ ಜೂನ್-ಜುಲೈನಲ್ಲಿ. ಪೊಟ್ಟಣದ ಬಾಯಿ ಸುಮ್ನೆ ಮಡಚಿಟ್ಟರೆ ಗಾಳಿಯ ತೇವ ಎಳೆದುಕೊಂಡು ಕಲ್ಲಾಗುತ್ತದೆ, ಚಮಚ ಬಗ್ಗುತ್ತದೆ ಹೊರತು ಪುಡಿ ಏಳುವುದಿಲ್ಲ. ಗಾಳಿಯಾಡದ ಡಬ್ಬಿಯೇ ಬೇಕು. ಹಬೆ ಏಳುವ ಪಾತ್ರೆ ಮೇಲೆ ಹಿಡಿದು ಸುರಿಯಲೂಬೇಡಿ, ಪೊಟ್ಟಣದ ಬಾಯಲ್ಲೇ ಅಂಟಿ ಕೂರುತ್ತದೆ. ತಣ್ಣೀರಲ್ಲಿ ಕದಡಿ, ಆಮೇಲೆ ಒಲೆ ಹಚ್ಚಿ. ದ್ರವದ್ದು ಇದಕ್ಕೆ ಉಲ್ಟಾ: ಡಬ್ಬಿಯನ್ನು ಬಿಸಿನೀರಲ್ಲಿ ಕೂರಿಸಿ ಸಡಿಲ ಮಾಡಿಕೊಳ್ಳಿ, ಪಾತ್ರೆಯ ನೀರು ಕಾದ ಮೇಲೆ ಉರಿ ಆರಿಸಿ, ತಿರುವುತ್ತಾ ಹಾಕಿ. ಉರಿಯ ಮೇಲೇ ಹಾಕಿದರೆ ತಳಕ್ಕೆ ಇಳಿದು ಸೀದುಹೋಗುತ್ತದೆ, ಆ ವಾಸನೆ ಬಾಟಲಿ ತನಕ ಬರುತ್ತದೆ.